ಸಪ್ಲೈಯರ್ ಹೆಸರಲ್ಲಿ ಮೇಲ್ ಬಂತು, ದುಡ್ಡು ಬೇರೆ ಯಾರದೋ ಖಾತೆಗೆ ಹೋಯಿತು: ಈಗ ಏನು ಮಾಡಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಪುಣೆಯ ಒಬ್ಬ ವ್ಯಾಪಾರಿಯಿಂದ ಹಲವು ವರ್ಷದಿಂದ ಸ್ಟೀಲ್ ರಾಡ್ ತರಿಸುತ್ತಿದ್ದೇವೆ. ಕಳೆದ ಶುಕ್ರವಾರ ಅವರಿಂದ ಮೇಲ್ ಬಂತು. ‘ನಮ್ಮ ಹಳೇ ಖಾತೆ ಆಡಿಟ್‌ನಲ್ಲಿದೆ, ಈ ಬಿಲ್ಲಿನ ದುಡ್ಡು ಈ ಹೊಸ ಖಾತೆಗೆ ಹಾಕಿ’ ಎಂದಿತ್ತು. ನಮ್ಮಿಬ್ಬರ ಹಳೇ ಮಾತುಕತೆಯ ಮೇಲೇ ಬಂದ ರಿಪ್ಲೈ ಅದು. ಬಿಲ್ ನಂಬರ್, ಮೊತ್ತ ಎಲ್ಲಾ ಸರಿಯಾಗಿತ್ತು. ಸಂಜೆ 4,80,000 ರೂಪಾಯಿ ಆರ್‌ಟಿಜಿಎಸ್ ಮಾಡಿದೆ. ಸೋಮವಾರ ಅವರೇ ಫೋನ್ ಮಾಡಿ ‘ಪೇಮೆಂಟ್ ಯಾವಾಗ?’ ಅಂದಾಗ ಮೋಸ ಗೊತ್ತಾಯಿತು. ಬ್ಯಾಂಕಿನವರು ‘ನೀವೇ ಕಳಿಸಿದ್ದೀರಿ, ನಾವೇನೂ ಮಾಡೋಕಾಗಲ್ಲ’ ಅನ್ನುತ್ತಾರೆ. ಠಾಣೆಯಲ್ಲಿ ‘ಪುಣೆಗೆ ಹೋಗಿ ದೂರು ಕೊಡಿ’ ಅಂದರು. ವ್ಯಾಪಾರಿ ‘ನಮಗೆ ದುಡ್ಡು ಬಂದಿಲ್ಲ, ಮತ್ತೆ ಕಳಿಸಿ’ ಅನ್ನುತ್ತಿದ್ದಾರೆ. ಬಿಲ್ಲಿನ ವಿವರ ಹೊರಗಿನವರಿಗೆ ಹೇಗೆ ಗೊತ್ತಾಯಿತು? ನಮ್ಮ ಲೆಕ್ಕ ನೋಡುವ ಹುಡುಗಿ ಮೇಲೆ ಮನೆಯಲ್ಲಿ ಎಲ್ಲರಿಗೂ ಅನುಮಾನ. ವೈರಸ್ ಇರಬಹುದು ಅಂತ ಆ ಮೇಲ್ ಡಿಲೀಟ್ ಮಾಡಿಬಿಡಲಾ? ಟೆಲಿಗ್ರಾಂನಲ್ಲಿ ಒಬ್ಬರು ಹತ್ತು ಪರ್ಸೆಂಟ್ ಕೊಟ್ಟರೆ ದುಡ್ಡು ವಾಪಸ್ ತರಿಸುತ್ತೇನೆ ಅಂದಿದ್ದಾರೆ, ನಂಬಬಹುದಾ?

ಉತ್ತರ: ಸರ್, ನಿಮ್ಮ ಪತ್ರ ಓದಿದ ಕೂಡಲೇ ‘ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೇಲ್ ಡಿಲೀಟ್ ಮಾಡಬೇಡಿ’ ಅಂತ ಎರಡು ಸಾಲು ಬರೆದು ಕಳಿಸಿದ್ದೆ. ನೀವು ಫೋನ್ ಮಾಡಿದ್ದೀರಿ, ದೂರಿನ ನಂಬರ್ ಬಂದಿದೆ ಅಂತ ತಿಳಿಸಿದ್ದೀರಿ. ಒಳ್ಳೆಯದಾಯಿತು. ಉಳಿದದ್ದನ್ನು ವಿವರವಾಗಿ ಬರೆಯುತ್ತೇನೆ. ನೀವು ಕೇಳಿರುವುದು ಬಹಳ ಇದ್ದರೂ ಒಳಗಿರುವ ಚಿಂತೆ ಎರಡೇ ಅಲ್ವಾ: ದುಡ್ಡು ವಾಪಸ್ ಬರುತ್ತಾ, ಮತ್ತೆ ತಪ್ಪು ಯಾರದು. ಜನ ಸಾಮಾನ್ಯವಾಗಿ ಎರಡನೆಯದನ್ನು ಮೊದಲು ಹಿಡಿದುಕೊಂಡು ಕೂರುತ್ತಾರೆ. ಅಷ್ಟರಲ್ಲಿ ದುಡ್ಡು ಕೈಬಿಟ್ಟು ಹೋಗಿರುತ್ತದೆ.

ಮೊದಲು ದುಡ್ಡಿನ ವಿಷಯ. ಮೋಸಗಾರರು ಶುಕ್ರವಾರ ಸಂಜೆಯನ್ನು ಸುಮ್ನೆ ಆರಿಸಿಕೊಂಡಿಲ್ಲ. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ, ರಜಾ ದಿನವೂ ನಡೆಯುತ್ತದೆ. ನೆಫ್ಟ್ ಅದಕ್ಕೂ ಒಂದು ವರ್ಷ ಮೊದಲೇ ಹಾಗಾಗಿತ್ತು. ಅಂದರೆ ನಿಮ್ಮ ವ್ಯಾಪಾರಿಯ ಆಫೀಸು ಶನಿವಾರ, ಭಾನುವಾರ ಮುಚ್ಚಿದ್ದಾಗಲೂ ದುಡ್ಡು ಓಡಾಡುತ್ತಲೇ ಇತ್ತು. ನೀವು ಹಾಕಿದ ಖಾತೆ ಬಹುತೇಕ ಬಾಡಿಗೆ ಖಾತೆ. ಯಾರೋ ಕಮಿಷನ್ ಆಸೆಗೆ ತಮ್ಮ ಹೆಸರಲ್ಲಿ ತೆರೆದು ಕೊಟ್ಟದ್ದು. ಇದಕ್ಕೆ ಪೊಲೀಸರು ‘ಮ್ಯೂಲ್ ಅಕೌಂಟ್’ ಅನ್ನುತ್ತಾರೆ. ಅಲ್ಲಿಗೆ ಬಂದ ದುಡ್ಡನ್ನು ಚೂರುಚೂರು ಮಾಡಿ ಬೇರೆ ಬೇರೆ ಖಾತೆಗಳಿಗೆ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಸಾಗಿಸುತ್ತಾರೆ. ಕೊನೆಗೆ ಎಟಿಎಂನಲ್ಲಿ ತೆಗೆಯುತ್ತಾರೆ, ಇಲ್ಲವೇ ಕ್ರಿಪ್ಟೋ ಕೊಳ್ಳುತ್ತಾರೆ.

1930 ಕೆಲಸ ಮಾಡುವುದು ಇಲ್ಲೇ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರ 2021ರಲ್ಲಿ ಈ ವ್ಯವಸ್ಥೆ ತಂದಿತು. ನೀವು ಕೊಟ್ಟ ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಬರುವ ಗುರುತಿನ ನಂಬರ್) ಹಿಡಿದು ಆ ದುಡ್ಡು ಹೋದ ಬ್ಯಾಂಕಿಗೆ ಆನ್‌ಲೈನ್‌ನಲ್ಲೇ ಸೂಚನೆ ಹೋಗುತ್ತದೆ. ಅಲ್ಲಿ ಉಳಿದಿರುವಷ್ಟನ್ನು ಬ್ಯಾಂಕು ತಡೆಹಿಡಿಯುತ್ತದೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಅದೇ ಸೂಚನೆ ಹೋಗುತ್ತದೆ. ಶುಕ್ರವಾರ ರಾತ್ರಿಯೇ ಗೊತ್ತಾಗಿದ್ದರೆ ಸಿಗುವ ಸಾಧ್ಯತೆ ತುಂಬಾ ಜಾಸ್ತಿ ಇರುತ್ತಿತ್ತು. ಸೋಮವಾರ ಅಂದರೆ ತಡವೇ. ಆದರೂ ಒಂದಿಷ್ಟು ಭಾಗ ಎಲ್ಲೋ ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿರುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಪೂರ್ತಿ ಬರುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ, ಹೋಯಿತು ಅಂತ ನೀವೂ ಕೈಚೆಲ್ಲಬೇಡಿ. ಫೋನ್ ಮಾಡಿದ್ದು ಅರ್ಧ ಕೆಲಸ ಅಷ್ಟೇ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ಗೆ ಹೋಗಿ, ದೂರನ್ನು ಪೂರ್ತಿ ತುಂಬಿ, ದಾಖಲೆಗಳನ್ನು ಸೇರಿಸಿ. ಇದನ್ನು ನಾಳೆಗೆ ಬಿಡಬೇಡಿ.

ಇನ್ನು ಬ್ಯಾಂಕಿನ ಮಾತು. ಅದರಲ್ಲಿ ಅರ್ಧ ನಿಜ ಇದೆ. ಗ್ರಾಹಕರ ಕೈವಾಡ ಇಲ್ಲದೆ ಖಾತೆಯಿಂದ ದುಡ್ಡು ಹೋದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ ಅಂತ ಆರ್‌ಬಿಐನ 2017ರ ಸುತ್ತೋಲೆ ಹೇಳುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ‘ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ಪೂರ್ತಿ ಕೊಡಬೇಕು’ ಅನ್ನುವ ಮಾತು ಹುಟ್ಟಿದ್ದು ಇದರಿಂದಲೇ. ಆದರೆ ನಿಮ್ಮ ವಿಷಯದಲ್ಲಿ ಪಾಸ್‌ವರ್ಡ್, ಒಟಿಪಿ ಹಾಕಿ ದುಡ್ಡು ಕಳಿಸಿದ್ದು ನೀವೇ. ನಿಮ್ಮನ್ನು ನಂಬಿಸಿ ಕಳಿಸುವಂತೆ ಮಾಡಿದ್ದಾರೆ. ಆ ಸುತ್ತೋಲೆ ತೋರಿಸಿ ಪೂರ್ತಿ ಹಣ ಕೇಳಿದರೆ ಬ್ಯಾಂಕು ಒಪ್ಪುವುದು ಕಷ್ಟ. ಹಾಗಂತ ‘ನಾವೇನೂ ಮಾಡೋಕಾಗಲ್ಲ’ ಅನ್ನುವುದನ್ನು ನೀವೂ ಒಪ್ಪಬೇಡಿ. ಇದು ವಂಚನೆ ಅಂತ ದಾಖಲಿಸಿಕೊಳ್ಳುವುದು, ದುಡ್ಡು ಹೋದ ಬ್ಯಾಂಕಿಗೆ ತಕ್ಷಣ ತಿಳಿಸುವುದು, ನಿಮಗೆ ದೂರಿನ ನಂಬರ್ ಕೊಡುವುದು, ಇಷ್ಟು ಅವರು ಮಾಡಲೇಬೇಕಾದ ಕೆಲಸ. ಬಾಯಿಮಾತಲ್ಲಿ ಬೇಡ. ಪತ್ರ ಬರೆದು ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ಖರ್ಚಿಲ್ಲ.

‘ಹೆಸರು ಒಂದು, ಖಾತೆ ಇನ್ನೊಂದು, ಆದರೂ ದುಡ್ಡು ಹೇಗೆ ಹೋಯಿತು?’ ಅಂತ ಎಲ್ಲರೂ ಕೇಳುತ್ತಾರೆ. ನೀವು ಫಾರಂನಲ್ಲಿ ಬರೆದ ಹೆಸರನ್ನು ಈ ವ್ಯವಸ್ಥೆ ನೋಡುವುದಿಲ್ಲ, ಖಾತೆ ನಂಬರ್ ಸರಿ ಇದ್ದರೆ ಜಮಾ ಆಗಿಬಿಡುತ್ತದೆ. ಈ ತೂತು ಮುಚ್ಚಲೆಂದೇ, ಕಳಿಸುವ ಮೊದಲು ಖಾತೆದಾರರ ನಿಜವಾದ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿತು. ಹೊಸ ಬೆನಿಫಿಷಿಯರಿ ಸೇರಿಸುವಾಗ ಆ ಹೆಸರನ್ನು ಓದಿ. ಐಎಫ್‌ಎಸ್‌ಸಿ ಕೋಡ್ ಹಾಕಿದಾಗ ಬರುವ ಶಾಖೆಯ ಊರನ್ನೂ ನೋಡಿ. ಪುಣೆಯ ವ್ಯಾಪಾರಿಯ ಕರೆಂಟ್ ಅಕೌಂಟ್ ಸಾವಿರಾರು ಕಿಲೋಮೀಟರ್ ದೂರದ ಊರಿನ ಶಾಖೆಯಲ್ಲಿ ಯಾಕಿರುತ್ತದೆ?

ಪೊಲೀಸರ ವಿಷಯ ಸುಲಭ. ‘ಪುಣೆಗೆ ಹೋಗಿ’ ಅನ್ನುವ ಮಾತಿಗೆ ಕಾನೂನಿನ ಆಧಾರ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ಅಷ್ಟಕ್ಕೂ ದುಡ್ಡು ಹೋಗಿರುವುದು ಬೆಳಗಾವಿಯ ನಿಮ್ಮ ಖಾತೆಯಿಂದಲೇ ತಾನೇ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತು ಪ್ರಕರಣಗಳಿಗೆ ಅಂತಲೇ ಸೆನ್ ಠಾಣೆಗಳಿವೆ. ನಿಮ್ಮ ಊರಿನಲ್ಲೂ ಇದೆ, ನೇರ ಅಲ್ಲಿಗೇ ಹೋಗಿ. 1930ರ ದೂರಿನ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್, ಮೇಲ್‌ಗಳ ಪ್ರಿಂಟ್ ಒಯ್ಯಿರಿ. ಇಂಥ ಪ್ರಕರಣಕ್ಕೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ, 66ಡಿ ಮತ್ತು ಭಾರತೀಯ ನ್ಯಾಯ ಸಂಹಿತೆಯ 318, 319 ಸೆಕ್ಷನ್‌ಗಳು ಹೊಂದುತ್ತವೆ. ಐಟಿ ಕಾಯ್ದೆಯ ಕೇಸುಗಳನ್ನು ಇನ್ಸ್‌ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನವರೇ ತನಿಖೆ ಮಾಡಬೇಕು, ಹಾಗಾಗಿ ಸಾಧ್ಯವಾದರೆ ಇನ್ಸ್‌ಪೆಕ್ಟರನ್ನೇ ಕಾಣಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬಿಲ್ ನಂಬರ್ ಹೊರಗಿನವರಿಗೆ ಹೇಗೆ ಗೊತ್ತಾಯಿತು? ನಿಮ್ಮ ಅಥವಾ ವ್ಯಾಪಾರಿಯ ಮೇಲ್‌ಬಾಕ್ಸ್ ಒಳಗೆ ಯಾರೋ ಕೂತಿದ್ದರು, ಅದಕ್ಕೆ. ಇಂಥ ಕಳ್ಳರು ಒಳಗೆ ಬಂದ ಕೂಡಲೇ ಏನೂ ಮಾಡುವುದಿಲ್ಲ. ವಾರಗಟ್ಟಲೆ ಓದುತ್ತಾರೆ. ಯಾರು ಯಾರಿಗೆ ದುಡ್ಡು ಕೊಡಬೇಕು, ಬಿಲ್ ಯಾವಾಗ ಬರುತ್ತದೆ, ನೀವು ‘ಡಿಯರ್ ಸರ್’ ಅಂತ ಬರೆಯುತ್ತೀರೋ ಹೆಸರು ಹಿಡಿದು ಬರೆಯುತ್ತೀರೋ, ಎಲ್ಲಾ ನೋಡಿಕೊಳ್ಳುತ್ತಾರೆ. ದೊಡ್ಡ ಬಿಲ್ಲೊಂದು ಬಂದಾಗ ನಡುವೆ ಕೈ ಹಾಕುತ್ತಾರೆ. ‘ಮೋಸದ ಮೇಲ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿರುತ್ತೆ, ನೋಡಿದರೆ ಗೊತ್ತಾಗುತ್ತೆ’ ಅನ್ನುವುದು ಹಳೇ ಕಾಲದ ಮಾತು. ಇವರು ನಿಮ್ಮ ವ್ಯಾಪಾರಿಯ ಭಾಷೆಯನ್ನೇ ನಕಲು ಮಾಡುತ್ತಾರೆ. ಓದಿದವರು ಬೀಳುವುದಿಲ್ಲ ಅನ್ನುವುದೂ ಸುಳ್ಳು. ಲಿಥುವೇನಿಯಾದ ಎವಾಲ್ಡಾಸ್ ರಿಮಸೌಸ್ಕಸ್ ಎಂಬಾತ 2013ರಿಂದ 2015ರವರೆಗೆ ತೈವಾನಿನ ಒಂದು ಸಪ್ಲೈಯರ್ ಕಂಪನಿ ಹೆಸರಲ್ಲಿ ನಕಲಿ ಬಿಲ್ ಕಳಿಸಿ ಗೂಗಲ್ ಮತ್ತು ಫೇಸ್‌ಬುಕ್ ಎರಡರಿಂದಲೂ ದುಡ್ಡು ಹಾಕಿಸಿಕೊಂಡ. ಒಟ್ಟು 12 ಕೋಟಿ ಡಾಲರ್‌ಗೂ ಜಾಸ್ತಿ. 2019ರಲ್ಲಿ ಅಮೆರಿಕದ ಕೋರ್ಟ್ ಅವನಿಗೆ ಐದು ವರ್ಷ ಜೈಲು ಕೊಟ್ಟಿತು. ಇಮೇಲ್ ಸೇವೆ ನಡೆಸುವ ಕಂಪನಿಯೇ ಇಮೇಲ್ ನಂಬಿ ದುಡ್ಡು ಕಳಿಸಿತು. ನೀವು ನಾಚಿಕೆಪಟ್ಟುಕೊಂಡು ವಿಷಯ ಮುಚ್ಚಿಡುವ ಅಗತ್ಯ ಇಲ್ಲ.

ಯಾರ ಬಾಕ್ಸ್ ಒಡೆದಿದೆ ಅಂತ ಹೀಗೆ ನೋಡಿ. ಕಂಪ್ಯೂಟರಿನಲ್ಲಿ ಆ ಮೇಲ್ ತೆರೆಯಿರಿ, ಮೊಬೈಲ್ ಬೇಡ, ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಹೆಸರು ಮಾತ್ರ ಕಾಣುತ್ತದೆ. ಕಳಿಸಿದವರ ಪೂರ್ತಿ ವಿಳಾಸವನ್ನು ಹಳೇ ಅಸಲಿ ಮೇಲ್ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಇಂಗ್ಲಿಷಿನ ‘ಎಂ’ ಜಾಗದಲ್ಲಿ ‘ಆರ್’, ‘ಎನ್’ ಅಕ್ಕಪಕ್ಕ ಇಟ್ಟಿರುತ್ತಾರೆ, ‘ಎಲ್’ ಜಾಗದಲ್ಲಿ ‘1’ ಅಂಕಿ ಇಟ್ಟಿರುತ್ತಾರೆ, ಕೊನೆಯ ‘ಡಾಟ್ ಇನ್’ ಅನ್ನು ‘ಡಾಟ್ ಕಾಂ’ ಮಾಡಿರುತ್ತಾರೆ. ವಿಳಾಸ ಅಸಲಿಯೇ ಇದ್ದರೆ, ರಿಪ್ಲೈ ಒತ್ತಿದಾಗ ಉತ್ತರ ಯಾವ ವಿಳಾಸಕ್ಕೆ ಹೋಗುತ್ತದೆ ನೋಡಿ, ಅದು ಬೇರೆ ಇರಬಹುದು. ಆಮೇಲೆ ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ತೆಗೆಯಿರಿ. ಅಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲ ಇರುತ್ತದೆ, ಮೇಲ್ ನಿಜವಾಗಿ ಆ ವಿಳಾಸದ ಕಡೆಯಿಂದಲೇ ಬಂತಾ ಅಂತ ನೋಡುವ ಪರೀಕ್ಷೆಗಳು ಅವು. ‘ಫೇಲ್’ ಅಂತಿದ್ದರೆ ವಿಳಾಸವನ್ನು ಸುಳ್ಳಾಗಿ ಹಾಕಿರುವ ಅನುಮಾನ ಬಲವಾಗುತ್ತದೆ. ಆದರೆ ಮೂರೂ ‘ಪಾಸ್’ ಅಂತಿದ್ದರೆ ಮೇಲ್ ಒಳ್ಳೆಯದು ಅಂತ ಅರ್ಥ ಅಲ್ಲ. ಆ ಡೊಮೈನ್‌ನಿಂದಲೇ (ಮೇಲ್ ವಿಳಾಸದಲ್ಲಿ ‘@’ ಆದ ಮೇಲಿನ ಹೆಸರು) ಹೊರಟಿದೆ ಅಂತ ಅಷ್ಟೇ. ಕಳ್ಳ ತನ್ನದೇ ನಕಲಿ ಡೊಮೈನ್ ಇಟ್ಟುಕೊಂಡಿದ್ದರೂ ಪಾಸ್ ಆಗುತ್ತದೆ. ಡೊಮೈನ್ ಅಸಲಿಯಾಗಿದ್ದು ಪಾಸ್ ಆಗಿದ್ದರೆ, ವ್ಯಾಪಾರಿಯ ಬಾಕ್ಸ್‌ನಿಂದಲೇ ಯಾರೋ ಕಳಿಸಿದ್ದಾರೆ ಅಂತ ಬಹುಮಟ್ಟಿಗೆ ಹೇಳಬಹುದು.

ನಿಮ್ಮ ಕಡೆಯೂ ಹುಡುಕಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಅಂತ ಎರಡು ಜಾಗ ಇವೆ. ನೀವು ಹಾಕದ ನಿಯಮ ಏನಾದರೂ ಅಲ್ಲಿದೆಯಾ? ಉದಾಹರಣೆಗೆ, ಆ ವ್ಯಾಪಾರಿಯಿಂದ ಬರುವ ಮೇಲ್‌ಗಳು ಇನ್‌ಬಾಕ್ಸ್‌ಗೆ ಬಾರದೆ ನೇರ ಆರ್ಕೈವ್‌ಗೆ ಅಥವಾ ಕಸದ ಬುಟ್ಟಿಗೆ ಹೋಗುವಂತೆ, ಅಥವಾ ಎಲ್ಲದರ ಪ್ರತಿ ಗುರುತಿಲ್ಲದ ವಿಳಾಸಕ್ಕೆ ಹೋಗುವಂತೆ. ಅಸಲಿ ವ್ಯಾಪಾರಿ ‘ಪೇಮೆಂಟ್ ಏನಾಯಿತು’ ಅಂತ ಮೇಲ್ ಹಾಕಿದರೂ ನಿಮಗೆ ಕಾಣಬಾರದು ಅಂತ ಕಳ್ಳರು ಮಾಡುವ ಕೆಲಸ ಇದು. ನಾನು ಇಂಥ ಪ್ರಕರಣಕ್ಕೆ ಹೋದಾಗ ಮೊದಲು ತೆಗೆಯುವ ಪುಟ ಇದೇ. ಸಿಕ್ಕರೆ ಅಳಿಸುವ ಮೊದಲು ಫೋಟೊ ತೆಗೆದಿಡಿ. ಕಂಪ್ಯೂಟರಿನಲ್ಲಿ ಇನ್‌ಬಾಕ್ಸ್ ಪುಟದ ಕೆಳಗೆ ಬಲಗಡೆ ‘ಡೀಟೇಲ್ಸ್’ ಅಂತ ಸಣ್ಣ ಅಕ್ಷರ ಇರುತ್ತದೆ, ಇತ್ತೀಚೆಗೆ ಎಲ್ಲಿಂದ ಲಾಗಿನ್ ಆಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಒಳಗೆ ಬರುವ ದಾರಿಗಳು ಹೊಸದೇನಲ್ಲ. ಬಿಲ್ ಅಂತ ಬಂದ ಪಿಡಿಎಫ್ ಒತ್ತಿದರೆ ಜಿಮೇಲ್ ಥರದ್ದೇ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ, ನಾವು ಕೊಟ್ಟುಬಿಡುತ್ತೇವೆ. ಇಲ್ಲವೇ ಬೇರೆ ಸೈಟಿನಿಂದ ಸೋರಿದ ಪಾಸ್‌ವರ್ಡನ್ನೇ ಮೇಲ್‌ಗೂ ಇಟ್ಟಿರುತ್ತೇವೆ. ಸಣ್ಣ ಕಾರ್ಖಾನೆಗಳಲ್ಲಿ ನಾನು ಜಾಸ್ತಿ ಕಾಣುವುದು ಬೇರೆ ಎರಡು. ಒಂದೇ ಮೇಲ್ ಐಡಿಯನ್ನು ಮಾಲೀಕರು, ಅಕೌಂಟೆಂಟ್, ಹೊರಗಿನ ಆಡಿಟರ್ ಆಫೀಸಿನ ಹುಡುಗ ಎಲ್ಲಾ ಬಳಸುತ್ತಿರುತ್ತಾರೆ, ಹಾಗಾಗಿ ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಹಾಕುವುದಕ್ಕೇ ಆಗಿರುವುದಿಲ್ಲ. ಇನ್ನೊಂದು, ದುಡ್ಡು ಕೊಡದೆ ಬಳಸಲು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಅದರ ಜೊತೆ ಬರುವ ಕಳ್ಳ ಪ್ರೋಗ್ರಾಂ ಬ್ರೌಸರಿನಲ್ಲಿ ಲಾಗಿನ್ ಆಗಿರುವ ಗುರುತನ್ನೇ ಕದ್ದು ಕಳಿಸುತ್ತದೆ. ಆಗ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಅದಕ್ಕೇ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿಸಿ, ರಿಕವರಿ ಫೋನ್ ನಂಬರ್ ನಿಮ್ಮದೇನಾ ನೋಡಿ, ಟೂ ಸ್ಟೆಪ್ ಹಾಕಿ, ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ. ಆದರೆ ಫಾರ್ಮ್ಯಾಟ್ ಮಾತ್ರ ತನಿಖಾಧಿಕಾರಿಯನ್ನು ಕೇಳಿದ ಮೇಲೆ. ಅಲ್ಲಿಯವರೆಗೆ ಇಂಟರ್ನೆಟ್ ತೆಗೆದು ಪಕ್ಕಕ್ಕಿಡಿ, ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಬೇರೆ ಕಂಪ್ಯೂಟರಿನಿಂದ ಮಾಡಿ.

ಇದನ್ನೆಲ್ಲಾ ಇಷ್ಟು ವಿವರವಾಗಿ ಬರೆದದ್ದಕ್ಕೆ ಇನ್ನೊಂದು ಕಾರಣ ಇದೆ. ನಿಮ್ಮ ಲೆಕ್ಕದ ಹುಡುಗಿ. ಬಿಲ್ ವಿವರ ಹೊರಗೆ ಹೋಗಿದೆ ಅಂದ ಮಾತ್ರಕ್ಕೆ ಒಳಗಿನವರೇ ಕೊಟ್ಟರು ಅಂತ ಆಗುವುದಿಲ್ಲ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಅನುಮಾನ ಮೊದಲು ಬೀಳುವುದು ಆಫೀಸಿನಲ್ಲಿ ಕಡಿಮೆ ಸಂಬಳದವರ ಮೇಲೆ, ಆದರೆ ಸಾಕ್ಷಿ ಸಿಕ್ಕಿದ್ದು ಬಹುತೇಕ ಹೊರಗಿನ ಲಾಗಿನ್‌ಗೇ. ಒಂದು ಸಲ ‘ಕಳ್ಳಿ’ ಅನ್ನಿಸಿಕೊಂಡ ಹುಡುಗಿಗೆ ಊರಲ್ಲಿ ಬೇರೆ ಕೆಲಸ ಸಿಗುವುದೂ ಕಷ್ಟ. ದಯವಿಟ್ಟು ಆ ಮಾತನ್ನು ಮನೆಯಲ್ಲೂ ನಿಲ್ಲಿಸಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮೇಲ್‌ಗಳನ್ನು ನೋಡಿ, ಯಾವ ದಿನ ಯಾವ ಅಟ್ಯಾಚ್‌ಮೆಂಟ್ ವಿಚಿತ್ರವಾಗಿತ್ತು ಅಂತ ನಿಮಗಿಂತ ಚೆನ್ನಾಗಿ ಅವರಿಗೇ ನೆನಪಿರುತ್ತದೆ.

ವ್ಯಾಪಾರಿಗೆ ಮತ್ತೆ ದುಡ್ಡು ಕೊಡಬೇಕಾ? ಇದು ಕಹಿ ಉತ್ತರ. ಬೇರೆ ಯಾರಿಗೋ ದುಡ್ಡು ಕೊಟ್ಟರೆ ಇವರ ಸಾಲ ತೀರಿದ ಹಾಗೆ ಆಗುವುದಿಲ್ಲ, ಸಾಮಾನ್ಯ ನಿಯಮ ಇದೇ. ಆದರೆ ಅವರ ಮೇಲ್‌ಬಾಕ್ಸ್‌ನಿಂದಲೇ ಆ ಮೇಲ್ ಬಂದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಈಗಲೇ ಜಗಳಕ್ಕೆ ಇಳಿಯಬೇಡಿ. ಅವರೂ ಪುಣೆಯಲ್ಲಿ ದೂರು ಕೊಡಲಿ, ಅವರ ಬಾಕ್ಸ್‌ನ ಲಾಗಿನ್ ವಿವರ ತೆಗೆಸಲಿ. ಎರಡೂ ಕಡೆಯ ವಿವರ ಬಂದ ಮೇಲೆ ಕೂತು ಮಾತಾಡಿ. ನಷ್ಟ ಹಂಚಿಕೊಂಡು, ಮುಂದಿನ ಬಿಲ್‌ಗಳಲ್ಲಿ ಸ್ವಲ್ಪ ಸ್ವಲ್ಪ ಹೊಂದಿಸಿಕೊಂಡ ವ್ಯಾಪಾರಿಗಳಿದ್ದಾರೆ. ಕೋರ್ಟಿಗೆ ಹೋಗುವುದಕ್ಕಿಂತ ಇದು ಬಹಳ ಸಲ ಅಗ್ಗ. ಏನೇ ಒಪ್ಪಿದರೂ ಬರೆದುಕೊಳ್ಳಿ, ಸಹಿ ಮಾಡುವ ಮುಂಚೆ ವಕೀಲರಿಗೆ ತೋರಿಸಿ.

ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ದಾರಿ ಇದೆ. ಐಟಿ ಕಾಯ್ದೆಯಲ್ಲಿ ಪ್ರತಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಗೆ ನ್ಯಾಯನಿರ್ಣಯ ಮಾಡುವ ಅಧಿಕಾರ ಇದೆ, 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿ ಅಲ್ಲಿ ಹಾಕಬಹುದು. ಮಹಾರಾಷ್ಟ್ರದಲ್ಲಿ 2013ರಲ್ಲಿ ಪುಣೆಯ ಒಂದು ಆಟೋ ಬಿಡಿಭಾಗದ ಕಂಪನಿ ಫಿಶಿಂಗ್ ಮೇಲ್‌ಗೆ (ನಂಬಿಸಿ ವಿವರ ಕದಿಯುವ ಸುಳ್ಳು ಮೇಲ್) ಉತ್ತರಿಸಿ 80 ಲಕ್ಷ ಕಳೆದುಕೊಂಡಿತ್ತು. ತಪ್ಪಿನಲ್ಲಿ ಕಂಪನಿಯ ಪಾಲೂ ಇದೆ ಎಂದರೂ, ಬ್ಯಾಂಕು 45 ಲಕ್ಷ ಕೊಡಬೇಕು ಅಂತ ಅಲ್ಲಿನ ಕಾರ್ಯದರ್ಶಿ ಆದೇಶ ಮಾಡಿದರು, ಏಕೆಂದರೆ ಕಳ್ಳರ ಖಾತೆಗಳನ್ನು ಸರಿಯಾದ ತಪಾಸಣೆ ಇಲ್ಲದೆ ತೆರೆಯಲಾಗಿತ್ತು. ನಿಮ್ಮ ದುಡ್ಡು ಹೋದ ಖಾತೆಯನ್ನು ಯಾವ ದಾಖಲೆ ನೋಡಿ ತೆರೆದರು ಅನ್ನುವ ಪ್ರಶ್ನೆಯನ್ನು ನೀವೂ ಎತ್ತಬಹುದು. ಸಮಯ ಹಿಡಿಯುತ್ತದೆ, ವಕೀಲರ ಖರ್ಚಿದೆ. 4,80,000ಕ್ಕೆ ಅದು ಬೇಕಾ ಅನ್ನುವುದನ್ನು ಎಫ್‌ಐಆರ್ ಆಗಿ, ಎಷ್ಟು ದುಡ್ಡು ತಡೆಹಿಡಿದಿದ್ದಾರೆ ಅಂತ ಗೊತ್ತಾದ ಮೇಲೆ ಯೋಚಿಸಿ.

ಮೇಲ್ ಡಿಲೀಟ್ ಬೇಡ ಅಂದೆನಲ್ಲಾ, ಅದು ನಿಮ್ಮ ಮುಖ್ಯ ಸಾಕ್ಷಿ. ಬರೀ ಓದಿದ್ದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಒಳಗಿನ ಅಟ್ಯಾಚ್‌ಮೆಂಟ್, ಲಿಂಕ್ ಮಾತ್ರ ಒತ್ತಬೇಡಿ. ಹೆಡರ್, ಅಂದರೆ ಮೇಲ್ ಎಲ್ಲಿಂದ ಹೇಗೆ ಬಂತು ಅನ್ನುವ ಒಳಗಿನ ವಿವರ, ಸ್ಕ್ರೀನ್‌ಶಾಟ್‌ನಲ್ಲಿ ಇರುವುದಿಲ್ಲ. ಫಾರ್ವರ್ಡ್ ಮಾಡಿದರೆ ಅಸಲಿ ಹೆಡರ್ ಹೋಗಿ ನಿಮ್ಮದು ಬರುತ್ತದೆ. ಅದಕ್ಕೇ ‘ಶೋ ಒರಿಜಿನಲ್’ ಪುಟದಲ್ಲಿ ‘ಡೌನ್‌ಲೋಡ್ ಒರಿಜಿನಲ್’ ಒತ್ತಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಡಿ. ಮುಂದೆ ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಈ ಎಲೆಕ್ಟ್ರಾನಿಕ್ ಸಾಕ್ಷಿಗೆ ಸರ್ಟಿಫಿಕೇಟ್ ಬೇಕಾಗುತ್ತದೆ, ತನಿಖಾಧಿಕಾರಿ ಕೇಳಿದಾಗ ಕೊಟ್ಟರಾಯಿತು. ಡೌನ್‌ಲೋಡ್ ಆದ ಮೇಲೆ ಜಿಮೇಲ್‌ನಲ್ಲೇ ‘ರಿಪೋರ್ಟ್ ಫಿಶಿಂಗ್’ ಒತ್ತಿ. ಹೆಡರ್ ಸಮೇತ ಸರ್ಟ್‌ಇನ್‌ಗೂ ಕಳಿಸಿ, ದೇಶದ ಸೈಬರ್ ದಾಳಿಗಳ ಲೆಕ್ಕ ನೋಡುವ ಸರ್ಕಾರಿ ಸಂಸ್ಥೆ ಅದು, ವಿಳಾಸ ಅವರ ಸೈಟಿನಲ್ಲಿದೆ. ನಕಲಿ ಡೊಮೈನ್ ಆಗಿದ್ದರೆ ಅದನ್ನು ಮಾರಿದ ರಿಜಿಸ್ಟ್ರಾರ್ ಕಂಪನಿಗೆ ದೂರು ಕೊಟ್ಟರೆ ಅವರು ಅದನ್ನು ಬಂದ್ ಮಾಡಬಹುದು. ನಿಮ್ಮ ದುಡ್ಡು ಇದರಿಂದ ಬಾರದು ನಿಜ, ಅದೇ ವ್ಯಾಪಾರಿಯ ಹತ್ತಿರ ಮಾಲು ಕೊಳ್ಳುವ ಇನ್ನೊಬ್ಬರ ದುಡ್ಡು ಉಳಿಯಬಹುದು. ಅವರ ಬೇರೆ ಗಿರಾಕಿಗಳಿಗೆಲ್ಲಾ ಇವತ್ತೇ ಫೋನ್ ಮಾಡಿ ಎಚ್ಚರಿಸಲು ಹೇಳಿ.

ಇನ್ನು ಮುಂದೆ ಆಫೀಸಿನಲ್ಲಿ ಒಂದೇ ನಿಯಮ ಇಡಿ. ಖಾತೆ ಬದಲಾಯಿತು ಅಂತ ಯಾರೇ ಬರೆದರೂ ಹಳೇ ನಂಬರಿಗೆ ಫೋನ್ ಮಾಡಿ, ಗುರುತಿರುವ ದನಿ ಕೇಳಿ, ಆಮೇಲೆ ಕಳಿಸಿ. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಕ್ಯಾನ್ಸಲ್ಡ್ ಚೆಕ್ ಕಳಿಸಿದ್ದಾರೆ ಅಂತ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ಒಂದು ರೂಪಾಯಿ ಹಾಕಿ ನೋಡುವುದೂ ಫೋನ್ ಮಾಡಿ ‘ಬಂತಾ?’ ಅಂತ ಕೇಳದಿದ್ದರೆ ವ್ಯರ್ಥ. ಕಳ್ಳನ ಖಾತೆಗೂ ಒಂದು ರೂಪಾಯಿ ಸಲೀಸಾಗಿ ಹೋಗುತ್ತದೆ.

ಕೊನೆಗೆ ಟೆಲಿಗ್ರಾಂನವರು. ಅವರು ಮೋಸಗಾರರು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ದುಡ್ಡು ಕಳೆದುಕೊಂಡು ಕಂಗಾಲಾದವರನ್ನು ಹುಡುಕಿ ಎರಡನೇ ಸಲ ದೋಚುವುದೇ ಒಂದು ದಂಧೆ. ಬ್ಯಾಂಕು ತಡೆಹಿಡಿದ ದುಡ್ಡು ನಿಮಗೆ ಬರುವುದು ಸಾಮಾನ್ಯವಾಗಿ ಪೊಲೀಸರ ವರದಿ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶದ ಮೂಲಕ. ನಾಗರಿಕ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಬೇಕು, ನಿಮ್ಮ ಊರಿನ ಯಾವ ವಕೀಲರಿಗೂ ಇದು ಗೊತ್ತಿರುತ್ತದೆ. ಹೊರಗಿನವರು ಯಾರೂ ‘ಹ್ಯಾಕ್’ ಮಾಡಿ ಅದನ್ನು ತಂದುಕೊಡಲು ಆಗುವುದಿಲ್ಲ. ಆ ವ್ಯಕ್ತಿಗೆ ಉತ್ತರ ಕೊಡಬೇಡಿ, ಆಧಾರ್, ಪ್ಯಾನ್, ದೂರಿನ ನಂಬರ್ ಏನನ್ನೂ ಕಳಿಸಬೇಡಿ. ಚಾಟ್‌ನ ಪ್ರತಿ ತೆಗೆದುಕೊಂಡು ಸೆನ್ ಠಾಣೆಗೆ ಹೋಗುವಾಗ ಅದನ್ನೂ ದೂರಿನ ಜೊತೆ ಕೊಡಿ.